ಹತ್ತು ಸಾವಿರ ಮೀನು

ಸಾಹೇಬರಿಗೆ ಒಂದು ಮೀನು ಬೇಕಿತ್ತು. ಒಂದೇ ಒಂದು.

ಬಾದಾಮಿ ಕಡೆಯ ಕೆಂಪು ಬಂಡೆಗಳ ಸಂದಿಯಲ್ಲಿ ಹರಿಯುವ ಮಲಪ್ರಭೆಗೆ 2001ರಲ್ಲಿ ಹತ್ತು ಸಾವಿರ ಮೀನುಮರಿ ಬಿಡಲಾಗಿದೆ ಎಂದು ಫೈಲು ಹೇಳುತ್ತಿತ್ತು. ಮರಿಗಳು ಫೈಲಿನಲ್ಲೇ ಹುಟ್ಟಿ ಫೈಲಿನಲ್ಲೇ ಈಜುತ್ತಿದ್ದವು. ಮರಿ ಬಿಟ್ಟವರು ಎಂಬಲ್ಲಿ ಸಂಗಯ್ಯನ ಸಹಿ. ಅವನು ಹನ್ನೊಂದು ವರ್ಷದಿಂದ ತಾಲೂಕಿನ ಮೀನುಗಾರಿಕೆ ಆಫೀಸಿನ ದಿನಗೂಲಿ ಜವಾನ. ಮೇಲಿನವರು ‘ಹಾಕಲೇ ಸಹಿ’ ಎಂದಾಗ ಹಾಕುವುದೇ ಅವನ ನೌಕರಿ.

ವರ್ಷ ತುಂಬುವುದರೊಳಗೆ ಯಾರೋ ಮೇಲಕ್ಕೆ ಅರ್ಜಿ ಬರೆದರು. ಜಿಲ್ಲೆಯ ಸಾಹೇಬರು ತಪಾಸಣೆಗೆ ಹೊರಟರು. ಮೀನು ಸಿಕ್ಕರೆ ಸಂಗಯ್ಯ ಖಾಯಂ. ಸಿಗದಿದ್ದರೆ ನಾಳೆಯಿಂದ ಮನೆಯಲ್ಲಿ. ತಾಲೂಕಿನ ಅಧಿಕಾರಿಗೆ ಬೆಳಿಗ್ಗೆಯೇ ಹೊಟ್ಟೆನೋವು ಬಂದು ರಜೆ ಹಾಕಿಯಾಗಿತ್ತು.

ಸಂಗಯ್ಯ ಬಸ್ ಸ್ಟ್ಯಾಂಡಿನ ಹಿಂದೆ ಬರ್ಫದ ಡಬ್ಬಿ ಇಟ್ಟುಕೊಂಡು ಮೀನು ಮಾರುವ ರಂಗವ್ವನ ಮುಂದೆ ನಿಂತ.

“ಒಂದ್ ಮೀನ ಕೊಡವಾ. ಭಾಳ ಹೊಳಿಯೂದು.”

ರಂಗವ್ವನ ಕೈಯ ಕತ್ತಿ ಅಲ್ಲೇ ನಿಂತಿತು. ಮೊಟ್ಟೆ ಕಂಡರೆ ದಾರಿ ಬದಲಿಸುವ ಸ್ವಾಮಿಗಳ ಮನೆತನ ಅದು. “ಅಯ್ಯಾರ, ನಿಮಗ?”

“ನನಗಲ್ಲವಾ, ಹೊಳಿಗೆ!”

ಬರ್ಫದ ಚೂರಿನ ಜೊತೆ ಪೇಪರಿನಲ್ಲಿ ಸುತ್ತಿದ್ದನ್ನು ಅಂಗಿಯೊಳಗೆ ತುರುಕಿಕೊಂಡು ಓಡಿದ.

ಸಾಹೇಬರನ್ನೂ ಸಂಗಯ್ಯನನ್ನೂ ಕೂಡಿಸಿಕೊಂಡು ಅಂಬಿಗ ಇಬ್ರಾಹಿಂಸಾಬನ ಹರಗೋಲು ಹೊರಟಿತು. ಎರಡೂ ಕಡೆ ಬಂಡೆಗೋಡೆ, ಮೇಲೆ ಕಾದ ಹಂಚಿನಂಥ ಆಕಾಶ. ಸಾಹೇಬರು ಗಾಳ ಬಿಟ್ಟು ಎರಡು ತಾಸಾದರೂ ಒಂದು ಕಪ್ಪೆಯೂ ಮೂಸಲಿಲ್ಲ. ಸಂಗಯ್ಯನ ಅಂಗಿಯೊಳಗಿಂದ ಬರ್ಫದ ನೀರು ಇಳಿದು ಪ್ಯಾಂಟು ತೊಯ್ದಿತ್ತು. ತಲೆಯ ಮೇಲೆ ಎರಡು ಹದ್ದು ಅವನನ್ನೇ ಸುತ್ತುತ್ತಿದ್ದವು.

“ಏನೋ ನಾರುತ್ತಿದೆ,” ಎಂದರು ಸಾಹೇಬರು.

“ಹೊಳಿ ವಾಸನಿರಿ.”

“ಹೊಳೆ ಕೆಳಗಿದೆ. ವಾಸನೆ ನಿನ್ನ ಕಡೆಯಿಂದ ಬರುತ್ತಿದೆ.”

ಅಷ್ಟರಲ್ಲಿ ಸಂದಿ ಕಿರಿದಾಯಿತು. ಸೆಳವಿಗೆ ಸಿಕ್ಕ ಹರಗೋಲು ಬೀಸುಕಲ್ಲಿನಂತೆ ಗರಗರ ತಿರುಗಿತು. “ಕೂಡ್ರಿ! ಯಾರೂ ಏಳಬ್ಯಾಡ್ರಿ!” ಇಬ್ರಾಹಿಂಸಾಬ ಹುಟ್ಟನ್ನು ಬಂಡೆಗೆ ಒತ್ತಿ ಹಿಡಿದ. ಸಾಹೇಬರು ಕಣ್ಣು ಮುಚ್ಚಿ ಅವನ ಗಡ್ಡ ಹಿಡಿದುಕೊಂಡರು. ಅದೇ ಗಳಿಗೆ! ಸಂಗಯ್ಯ ಗಾಳಕ್ಕೆ ಮೀನು ಸಿಕ್ಕಿಸಿ ನೀರಿಗೆ ಬಿಟ್ಟ.

“ಸಾಹೇಬ್ರ, ಜಗ್ಗ್ರಿ! ಬಿತ್ತು!”

ಮೇಲೆ ಬಂದ ಮೀನು ಬಿಸಿಲಿಗೆ ಝಗ್ಗೆಂದು ಹೊಳೆಯಿತು. ಇಬ್ರಾಹಿಂಸಾಬ ಸಂಗಯ್ಯನ ಕಿವಿಗೆ ಬಾಯಿಟ್ಟ. “ಯಾ ಅಲ್ಲಾ! ಅಯ್ಯಾರ, ಇದು ಬಂಗಡಿ. ಸಮುದ್ರದ್ದು.”

ಸಾಹೇಬರು ಮೀನನ್ನು ತಿರುವಿ ನೋಡಿದರು. “ನಮ್ಮದು ಕಾರವಾರ,” ಎಂದರು ಮೆಲ್ಲಗೆ. “ಇದು ಇಲ್ಲಿಗೆ ಹೇಗೆ ಬಂತು ಸಂಗಯ್ಯ?”

“ಈ... ಈಜಿಕೋತ ಬಂದಿರಬೇಕ್ರಿ.”

“ಹೊಟ್ಟೆ ಸೀಳಿಸಿಕೊಂಡು, ಉಪ್ಪು ಅರಿಶಿಣ ಹಚ್ಚಿಸಿಕೊಂಡು?”

ಅಯ್ಯಾರಿಗೆ ಮೀನು ಹಸನು ಮಾಡಲು ಬರುವುದಿಲ್ಲವೆಂದು ರಂಗವ್ವ ಪುಣ್ಯ ಕಟ್ಟಿಕೊಂಡಿದ್ದಳು.

ದಂಡೆಗೆ ಹತ್ತಿದ ಕೂಡಲೇ ಸಾಹೇಬರು ಫೈಲು ಬಿಚ್ಚಿದರು. ಸಂಗಯ್ಯನ ಸಹಿಯ ಮೇಲೆ ನಾಲ್ಕು ದೊಡ್ಡ ಸಹಿಗಳಿದ್ದವು, ಒಂದು ಅವರದೇ. ಅವುಗಳನ್ನು ಅಂಗೈಯಿಂದ ಮುಚ್ಚಿ, ಕೆಳಗಿನದಕ್ಕೆ ಬೆರಳಿಟ್ಟರು.

“ಮರಿ ಬಿಟ್ಟವನು ನೀನು. ಹೊಳೆಯಲ್ಲಿ ಮೀನಿಲ್ಲ. ಅಂದಮೇಲೆ ತಿಂದವನೂ ನೀನೇ.”

ಅಲ್ಲೇ ಬರೆದರು: ‘ಹತ್ತು ಸಾವಿರ ಮೀನು ತಿಂದ ಕಾರಣ ಕೆಲಸದಿಂದ ತೆಗೆಯಲಾಗಿದೆ.’ ಬಂಗಡೆ ಮಾತ್ರ ಸಾಕ್ಷಿಗೆ ಬೇಕೆಂದು ಜೀಪು ಹತ್ತಿತು.

ಸಂಜೆ ಸಂಗಯ್ಯ ಓಣಿಗೆ ಬರುವಷ್ಟರಲ್ಲಿ ಜೀಪಿನ ಡ್ರೈವರ್ ಚಹಾದಂಗಡಿಯಲ್ಲಿ ಸುದ್ದಿ ಇಳಿಸಿ ಹೋಗಿದ್ದ. ಕಟ್ಟೆಯ ಮೇಲಿದ್ದ ಪಕ್ಕದ ಮನೆಯ ಪದ್ಮವ್ವ ಎದ್ದು ನಿಂತಳು. ನೌಕರಿ ಹೋದದ್ದಕ್ಕೆ ಸಮಾಧಾನ ಹೇಳುತ್ತಾಳೆಂದು ಸಂಗಯ್ಯನ ಕಣ್ಣು ತುಂಬಿ ಬಂತು.

“ಸುಳ್ಳ ಐತಿ ಪದ್ಮವ್ವಾ. ಎಲ್ಲಾ ಮ್ಯಾಲಿನವ್ರು ತಿಂದು ನನ್ನ ಮ್ಯಾಲ ಹಾಕ್ಯಾರ.”

ಪದ್ಮವ್ವ ತುಂಬಿದ ಕೊಡವನ್ನು ಅವನ ನೆರಳು ತಾಗದಂತೆ ಒಳಗೆ ಸರಿಸಿದಳು.

“ಮಂದಿ ಸಿಮೆಂಟ ತಿಂದ್ರು, ಡಾಂಬರ ತಿಂದ್ರು, ಸಾಲಿ ಹುಡುಗ್ರ ಅಕ್ಕಿ ತಿಂದ್ರು. ನಾವೇನರ ಅಂದೇವೇನ್ರಿ? ಕರದು ಚಹಾ ಕೊಟ್ಟೇವಿ. ಆದ್ರ ಅಯ್ಯಾರ, ನೀವು... ಹೋಗಿ ಹೋಗಿ ಮೀನಾ?”