ಹನ್ನೊಂದು ಮನೆಯ ಚಹಾ

ಒಂದೇ ಸಂಜೆ, ಒಂದೇ ಓಣಿಯಲ್ಲಿ, ಹನ್ನೊಂದು ಲೋಟ ಚಹಾ ಕುಡಿದು ಅದಕ್ಕೆ ಸಂಬಳವನ್ನೂ ಪಡೆಯುವ ಹೆಣ್ಣುಮಗಳನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆಕೆ ನನಗೆ ತಂಗಿಯಾಗಬೇಕು. ಹೇಗೆ ತಂಗಿ ಎಂದು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯುತ್ತದೆ; ಅಷ್ಟು ದೂರದ ತಂಗಿ. ಇರುವುದು ಮಾತ್ರ ನಮ್ಮ ಕೊಟ್ಟೂರಿನಲ್ಲೇ, ತಪ್ಪಿಸಿಕೊಳ್ಳಲಾಗದಷ್ಟು ಹತ್ತಿರ!

ನನ್ನದು ಎರಡೇ ಮಾತು. ಸರ್ಕಾರಿ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವನು. ಮುಂದೆ ಮೂವತ್ತೆರಡು ವರ್ಷ ಬೇರೆಯವರ ಮಕ್ಕಳಿಗೆ ಗಂಟೆ ಹೊಡೆಸಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಐದಕ್ಕೆ ಏಳುವುದು, ಏಳಕ್ಕೆ ಪೇಪರು, ಒಂದಕ್ಕೆ ರೊಟ್ಟಿ, ನಾಲ್ಕಕ್ಕೆ ವಾಯುವಿಹಾರ. ಇಂಥ ಅಣ್ಣನಿಗೆ ಅಂಥ ತಂಗಿ!

ಆಕೆ ಹುಟ್ಟಿನಿಂದ ಗುಟ್ಟಿನ ಮನುಷ್ಯಳೇನಲ್ಲ. ಕೂಡ್ಲಿಗಿಯಲ್ಲಿ ಬಸ್ಸು ಹತ್ತಿದರೆ ಕೊಟ್ಟೂರು ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮೂರು ತಲೆಮಾರಿನ ಕಥೆ ಕೇಳಿ, ತನ್ನ ನಾಲ್ಕು ತಲೆಮಾರಿನದು ಹೇಳಿ ಇಳಿಯುತ್ತಿದ್ದವಳು. ಗಂಡ ತೀರಿದ ಮೇಲೆ ಒಂದು ಸಮಾಜಸೇವಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಹೊಡೆತ ತಿನ್ನುವವರು, ಗಂಡ ಬಿಟ್ಟವರು, ಕಾಯಿಲೆ ಮುಚ್ಚಿಟ್ಟುಕೊಂಡವರು, ಒಳಗೊಳಗೇ ಕೊರಗುವವರು, ಇಂಥ ಹೆಂಗಸರ ಮನೆಗೆ ಹೋಗಿ ಮಾತಾಡಿಸಿ ಧೈರ್ಯ ತುಂಬುವುದು, ಬೇಕಾದರೆ ಆಸ್ಪತ್ರೆಗೋ ಕೋರ್ಟಿಗೋ ಜೊತೆಗೆ ಹೋಗುವುದು. ಆಕೆಯ ಮನೆ ನಡೆಯುತ್ತಿದ್ದದ್ದು ಆ ಸಂಬಳದಿಂದಲೇ.

ಸೇರಿದ ಹೊಸತರಲ್ಲಿ ಹರಪನಹಳ್ಳಿಯಲ್ಲಿ ತರಬೇತಿ ಆಯಿತು. ನೊಂದವರು ಹೇಳಿದ ಮಾತನ್ನು ಹೊರಗೆ ಬಿಡಬಾರದು ಎಂದು ಹೇಳಿಕೊಟ್ಟರಂತೆ. ಉಳಿದವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆಯ ಮಂಡಕ್ಕಿ ಮೆಣಸಿನಕಾಯಿಯ ಹೊತ್ತಿಗೆ ಮರೆತರು. ಈಕೆ ಬರೆದುಕೊಳ್ಳಲಿಲ್ಲ, ನುಂಗಿದಳು! ಅಲ್ಲಿಂದ ಬಂದವಳು ಬೇರೆಯೇ ಆಗಿದ್ದಳು. ಎಲ್ಲಿಗೆ ಹೊರಟೆ ಎಂದರೆ ಹೀಗೇ ಎನ್ನುವಳು. ಸಂತೆಯಲ್ಲಿ ಬದನೆಕಾಯಿ ಎಷ್ಟು ಎಂದು ಕೇಳಿದರೂ ಒಮ್ಮೆ ಆಚೀಚೆ ನೋಡಿಯೇ ಹೇಳುವಳು. ಹಳ್ಳಿಗೆ ಹೋಗಬೇಕಾದರೆ ಹಗರಿಬೊಮ್ಮನಹಳ್ಳಿಗೆ ಟಿಕೆಟ್ ತೆಗೆಸಿ, ನಡುವೆ ಎಲ್ಲೋ ಇಳಿದುಬಿಡುವಳು. ಕಂಡಕ್ಟರನಿಗೂ ತಾನು ಹೋಗುವ ಊರು ಗೊತ್ತಾಗಬಾರದು! ಆಗಿನ್ನೂ ಮೊಬೈಲು ಬಂದಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಕಚೇರಿಗೆ ಫೋನು ಮಾಡಿದರೆ "ಹೂಂ", "ಊಹೂಂ", "ಅದ ರೀ, ಅದು", ಇಷ್ಟೇ. ಬೂತಿನವನು ಬಹಳ ದಿನ ಈಕೆಯನ್ನು ಪೊಲೀಸ್ ಇಲಾಖೆಯವಳು ಎಂದೇ ನಂಬಿದ್ದ.

ಸಂಸ್ಥೆಯವರಿಗೆ ತರಬೇತಿ ಎಂದರೆ ಬಲು ಪ್ರೀತಿ. ಮೂರು ತಿಂಗಳಿಗೊಂದು. ಪ್ರತಿ ಸಲವೂ ಒಂದು ಹೆಗಲ ಚೀಲ, ಒಂದು ಫೈಲು, ಒಂದು ಸರ್ಟಿಫಿಕೇಟು. ನಮ್ಮ ಓಣಿಯ ಅರ್ಧ ಮಕ್ಕಳು ಆ ಚೀಲ ಹೊತ್ತೇ ಶಾಲೆ ಕಲಿತರು. ಒಮ್ಮೆ ಮನಸ್ಸಿನ ಒತ್ತಡ ಇಳಿಸುವ ತರಬೇತಿ. ಅದಕ್ಕೆ ಹೋಗಲು ಬೆಳಗಿನ ಜಾವ ಎದ್ದು ಎರಡು ಬಸ್ಸು ಬದಲಿಸಿ, ಕೊನೆಯ ಎರಡು ಮೈಲಿ ಬಿಸಿಲಲ್ಲಿ ನಡೆಯಬೇಕಿತ್ತು! ತರಬೇತಿ ಕೊಡುವವರು ದೊಡ್ಡ ಹಾಳೆ, ಬಣ್ಣದ ಪೆನ್ನು ಕೊಟ್ಟು, ನಿಮ್ಮ ಬದುಕನ್ನು ಒಂದು ನದಿಯಂತೆ ಚಿತ್ರ ಬರೆಯಿರಿ ಎಂದರು. ಈಕೆ ಕಂಡ ನದಿ ವರ್ಷದ ಬಹುಪಾಲು ಒಣಗಿರುವ ನಮ್ಮ ಹಗರಿ. ಕಂಡಂತೆಯೇ ಉದ್ದಕ್ಕೂ ಉಸುಕು ಬರೆದಿಟ್ಟಳು. ತರಬೇತಿಯವರು ಗಾಬರಿಯಾಗಿ, ಈ ಅಮ್ಮನಿಗೆ ಬದುಕೇ ಬೇಡವಾಗಿದೆ ಎಂದು ಪಕ್ಕದ ಕೋಣೆಗೆ ಕರೆದೊಯ್ದು ಒಂದು ತಾಸು ಸಮಾಧಾನ ಹೇಳಿದರಂತೆ. ಈಕೆ ಕೇಳಿಸಿಕೊಂಡು, ಕೊನೆಗೆ ಅವರ ಮನೆಯ ತಾಪತ್ರಯವನ್ನೇ ಕೇಳಿ, ಅವರಿಗೇ ಧೈರ್ಯ ತುಂಬಿ ಬಂದಳು. ಏನು ತಾಪತ್ರಯ? ಅದನ್ನು ಹೇಳುವಳೇ!

ಆಕೆಯ ಡೈರಿಯನ್ನು ತಿದ್ದುವ ಕೆಲಸ ನನಗೆ ಬಂತು. ಸಂಸ್ಥೆಯ ಸಲಹಾ ಸಮಿತಿಯಲ್ಲಿ ನಾನೊಬ್ಬ ಸದಸ್ಯ. ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯಿಂದ. ಡೈರಿ ತೆರೆದರೆ ಪ್ರತಿ ಗುರುವಾರ ನಮ್ಮ ಓಣಿ. "ಮನೆ ಹನ್ನೊಂದು. ಚಹಾ ಹನ್ನೊಂದು. ಮಾತು ಆಯಿತು." ಯಾರ ಜೊತೆ, ಏನು ಮಾತು, ಒಂದಕ್ಷರವಿಲ್ಲ. ಆ ಹನ್ನೊಂದರಲ್ಲಿ ನಮ್ಮದೂ ಒಂದು ಮನೆ. ನಾನು ವಾಯುವಿಹಾರಕ್ಕೆ ಹೋದ ಮೇಲೆ ಬಂದು, ನಾನು ಬರುವುದರೊಳಗೆ ಹೋಗಿರುತ್ತಿದ್ದಳು.

ಇದೇನು ಸಮಾಜಸೇವೆಯೋ ಚಹಾಸೇವೆಯೋ ಎಂದು ಗದರಿದೆ. ಆಗ ಮೊದಲ ಸಲ ತನ್ನ ಗುಟ್ಟು ಹೇಳಿದಳು.

"ಅಣ್ಣ, ನಾ ಒಬ್ಬಾಕಿ ಮನಿಗೆ ಹೋದ್ರ, ಆ ಮನ್ಯಾಗ ಏನೋ ಐತಿ ಅಂತೈತಿ ಓಣಿ. ಹನ್ನೊಂದು ಮನಿಗೂ ಹೋದ್ರ, ಇಕಿಗೆ ಚಾದ ಚಟ ಅಂತೈತಿ. ಹೆಸರು ಕೆಟ್ರ ನಂದೊಂದು ಕೆಡ್ಲಿ ಬಿಡು."

ಒಂದು ಮನೆಯ ಮಾನ ಉಳಿಸಲು ಹತ್ತು ಮನೆಯ ಚಹಾ! ನಮ್ಮ ಮನೆಯೂ ಆ ಹತ್ತರಲ್ಲೊಂದು, ಒಳ್ಳೆಯ ಕೆಲಸಕ್ಕೆ ನಮ್ಮ ಸಕ್ಕರೆಯೂ ಸೇರಿತು ಎಂದು ಒಳಗೇ ಬೀಗಿದೆ.

ಆದರೆ ಈ ವಿದ್ಯೆ ಸಂಸ್ಥೆಯ ನಮೂನೆಯ ಹಾಳೆಯಲ್ಲಿ ಹಿಡಿಯಬೇಕಲ್ಲ? ಸಂಸ್ಥೆ ಬೆಳೆಯಿತು, ಮೇಲಿನಿಂದ ಹೊಸ ನಿಯಮ ಬಂತು. ಯಾರಿಗೆ ಸಹಾಯವಾಯಿತೋ ಅವರ ಹೆಸರು ಬೇಕು, ಸಹಿ ಬೇಕು. ಒಂದು ಓಣಿಯಿಂದ ಕನಿಷ್ಠ ಒಬ್ಬರಾದರೂ ಹೌದು ಎನ್ನಬೇಕು. ಇಲ್ಲದಿದ್ದರೆ ಆ ಕಾರ್ಯಕರ್ತೆಯ ಹುದ್ದೆ ರದ್ದು. ಹೆಸರು ಕೊಟ್ಟುಬಿಡು, ನಿನ್ನ ಅನ್ನದ ಪ್ರಶ್ನೆ ಎಂದು ನಾನು ಎರಡು ದಿನ ಬಡಿದುಕೊಂಡೆ. ಅವರ ಹೆಸರು ಅವರದು, ಕೊಡಾಕ ನಂದೇನೈತಿ ಎಂದಳು. ಮುಗಿಯಿತು.

ತಪಾಸಣೆಗೆ ಬಂದವನು ಸಮಾಜಕಾರ್ಯದಲ್ಲೇ ದೊಡ್ಡ ಡಿಗ್ರಿ ಮಾಡಿದ ತರುಣ. ಒಳ್ಳೆಯವನೇ. ನಮೂನೆ ಹಿಡಿದು ಮನೆಮನೆಗೆ ಹೊರಟ. ಸಮಿತಿಯ ಪರವಾಗಿ ನಾನೂ ಹೊರಟೆ. ತಂಗಿ ಓಣಿಯ ತುದಿಯಲ್ಲಿ ನಮಗೆ ಬೆನ್ನು ಮಾಡಿ ನಿಂತಳು. ತಾನು ನೋಡಿದರೆ ಯಾರಿಗಾದರೂ ಮುಲಾಜು ಆದೀತು ಎಂದು.

ಮೊದಲ ಮನೆಯಲ್ಲಿ, ಈ ಮೇಡಂ ಬಂದು ಏನು ಮಾಡುತ್ತಾರೆ ಎಂದು ಕೇಳಿದ.

"ಚಾ ಕುಡೀತಾಳ್ರಿ."

ಎರಡನೆಯ ಮನೆಯಲ್ಲೂ ಚಹಾ. ಮೂರನೆಯದರಲ್ಲಿ ಸಕ್ಕರೆ ಜಾಸ್ತಿ ಹಾಕಿದ ಚಹಾ. ಐದನೆಯ ಮನೆಯ ಮುದುಕಿ ಆತನನ್ನೇ ಮೇಲಿಂದ ಕೆಳಗೆ ನೋಡಿ, "ನಿಮ್ಮ ಆಫೀಸಿನ್ಯಾಗ ಅಕಿಗೆ ಚಾ ಕೊಡಂಗಿಲ್ಲೇನಪಾ?" ಎಂದು ಕೇಳಿದಳು. ಆತ ಅದನ್ನೂ ಬರೆದುಕೊಂಡ. ಹೇಳುವಾಗ ಒಬ್ಬಿಬ್ಬರ ದನಿ ಮಾತ್ರ ಕೊಂಚ ತಗ್ಗಿತ್ತು. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಹತ್ತು ಮನೆ ಮುಗಿಯಿತು. ಹತ್ತೂ ಚಹಾ. ಆತ ಪೆನ್ನಿನ ಟೋಪಿ ಮುಚ್ಚಿ, ಸರ್, ನಾನೇನು ಮಾಡಲಿ ನೀವೇ ಹೇಳಿ ಎಂದ. ಉಳಿದದ್ದು ನಮ್ಮ ಮನೆ, ಅಲ್ಲಿ ಕೇಳುವುದೇನಿಲ್ಲ ಎಂದು ನಾನೇ ಹೇಳಿದೆ. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ನಾವು ಮಾತಾಡಿದ್ದೆಲ್ಲ ಕೇಳಿಸಿರಬೇಕು. ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಬಂದಳು.

"ನನ್ನ ಹೆಸರು ಬರ್ಕಳ್ರಿ. ಅಕಿ ಬರೋದು ನನ್ನ ಸಲುವಾಗಿ."

ಆತ ನನ್ನ ಮುಖ ನೋಡಿದ. ನಾನು ನಮೂನೆಯನ್ನು ನೋಡಿದೆ. ಅವಳು ಪೆನ್ನು ಇಸಿದುಕೊಂಡು, ಓಣಿಯ ಹತ್ತು ಬಾಗಿಲು ನೋಡುತ್ತಿದ್ದಂತೆಯೇ, ನಿಧಾನವಾಗಿ ಸಹಿ ಮಾಡಿದಳು. ಸಮಿತಿಯ ಸದಸ್ಯನೆಂದು ಅದರ ಕೆಳಗೇ ನನ್ನ ಸಹಿಯೂ ಬೇಕಿತ್ತು. ನನ್ನ ದುಂಡನೆಯ ಅಕ್ಷರ ಆ ದಿನ ದುಂಡಗಾಗಲಿಲ್ಲ.

ಹುದ್ದೆ ಉಳಿಯಿತು. ತರುಣ ಹೋದ ಮೇಲೆ ತಂಗಿಯ ಹತ್ತಿರ ಓಡಿದೆ. ನಿನ್ನ ಅತ್ತಿಗೆ ನಿನ್ನನ್ನು ಉಳಿಸಲು ಸುಳ್ಳು ಹೇಳಿದಳಲ್ಲವೇ, ಹೌದೆಂದುಬಿಡು ಎಂದೆ.

"ನನ್ನ ಯಾಕ ಕೇಳ್ತಿ ಅಣ್ಣ? ಮನ್ಯಾಗ ಅದಾಳ, ಅಕಿನ್ನ ಕೇಳು."

ಮನೆಗೆ ಬಂದೆ. ಅಡುಗೆಮನೆಯ ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತೆ. ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಆ ಹೊಸ್ತಿಲಲ್ಲಿ ನಿಂತು ಕನ್ನಡಕ ಎಲ್ಲಿ ಎಂದು ಕೇಳಿದ್ದೆ, ರೊಟ್ಟಿ ಆಯಿತೇ ಎಂದು ಕೇಳಿದ್ದೆ, ಪೇಪರು ಬಂತೇ ಎಂದು ಕೇಳಿದ್ದೆ. ಆಕೆಯನ್ನು ಕುರಿತು ಏನನ್ನಾದರೂ ಕೇಳಿದ್ದು ನೆನಪಿಗೆ ಬರಲಿಲ್ಲ.

ಊಟಕ್ಕೆ ಇನ್ನೂ ಹೊತ್ತೈತಿ ಎಂದಳು, ತಿರುಗದೆ. ಗೊತ್ತು ಎಂದೆ. ಅಲ್ಲೇ ನೆಲದ ಮೇಲೆ ಕುಳಿತೆ. ಸ್ವಲ್ಪ ಹೊತ್ತು ಅವಳು ಸೊಪ್ಪು ಸೋಸುತ್ತಿದ್ದಳು. ಆಮೇಲೆ ಮೊರ ಬದಿಗಿಟ್ಟು, ಒಲೆ ಆರಿಸಿ, ನನ್ನೆದುರು ಬಂದು ಕುಳಿತಳು.

ಅವಳು ಹೇಳಿದ್ದೇನು ಎಂದು ನೀವು ಕೇಳುತ್ತೀರಿ. ನಾನು ಹೇಳುವುದಿಲ್ಲ.