ಬೂತಾಹರನ ಅನುಭವ ಪತ್ರ

ನಮ್ಮ ರೀಫ್ ಬೆಟ್ಟಸೀಮೆಯಲ್ಲಿ ಗಾಂಜಾ ಬೆಳೆಯುವುದು ಈಗ ಅಪರಾಧವಲ್ಲ. ಪರವಾನಗಿ ಇಲ್ಲದೆ ಬೆಳೆಯುವುದು ಮಾತ್ರ ಅಪರಾಧ. ಬೆಳೆಯೆಲ್ಲ ಔಷಧಿ ಕಾರ್ಖಾನೆಗೆ ಹೋಗತಕ್ಕದ್ದು. ನಿಯಮ ನಾಲ್ಕರ ಪ್ರಕಾರ ಅರ್ಜಿದಾರನಿಗೆ ಈ ಬೇಸಾಯದಲ್ಲಿ ಹತ್ತು ವರ್ಷಗಳ ಅನುಭವವಿದ್ದು, ಅದಕ್ಕೆ ಲಿಖಿತ ಪುರಾವೆ ಇರತಕ್ಕದ್ದು. ಹಿಂದೆ ಅದು ಅಪರಾಧವಾಗಿದ್ದರಿಂದ ಲಿಖಿತ ಪುರಾವೆ ಎಂದರೆ ಕೋರ್ಟಿನ ತೀರ್ಪೊಂದೇ. ಜೈಲು ಕಂಡು ಬಂದವರಿಗೆಲ್ಲ ಒಂದೇ ವಾರದಲ್ಲಿ ಪರವಾನಗಿ ಸಿಕ್ಕಿತು. ಕಾನೂನು ಎಂದರೆ ಹೀಗಿರಬೇಕು.

ತೊಡಕಾದದ್ದು ಬೂತಾಹರನಿಗೆ. ಗಾಂಜಾಕ್ಕೆ ನಾವು ಕೀಫ್ ಅನ್ನುತ್ತೇವೆ. ಎಪ್ಪತ್ತೆರಡರ ಈ ಮುದುಕ ಕೀಫ್ ಬಿಟ್ಟು ಇನ್ನೇನೂ ಬೆಳೆದವನಲ್ಲ. ಆದರೆ ಪಾಪ, ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಮಾರ್ಚ್ ಕಳೆಯುವುದರೊಳಗೆ ಬಿತ್ತದಿದ್ದರೆ ಅವನ ಹೊಲ ಬೀಳುಭೂಮಿಯೆಂದು ಪರವಾನಗಿ ಕಚೇರಿಯ ವಶವಾಗುತ್ತಿತ್ತು.

ಗುಮಾಸ್ತ ಶುಐಬ್ ಒಳ್ಳೆಯವನು, ಠಾಣೆಯ ಹಳೇ ದಿನಚರಿ ತರಿಸಿ ನೋಡಿದ. ಚಳಿಗಾಲದಲ್ಲಿ ನಮ್ಮವರು ಬೋಗುಣಿಯ ಬಾಯಿಗೆ ತೆಳುಬಟ್ಟೆ ಬಿಗಿದು, ಮೇಲೆ ಒಣಗಿದ ಗಿಡ ಹರವಿ, ಕೋಲಿನಿಂದ ಬಡಿದು ಪುಡಿ ಇಳಿಸುತ್ತಾರೆ. ಸದ್ದು ಮೂರು ಬೆಟ್ಟಕ್ಕೆ ಕೇಳುತ್ತದೆ. ಆಗಿನ ಠಾಣಾಧಿಕಾರಿ ಅಜ್ದಾನ್ ಸಾಹೇಬರು ಪ್ರತಿವರ್ಷ ಬೂತಾಹರನ ಮನೆಗೆ ಬಂದು, ಮೊದಲು ಇಳಿದ ಪುಡಿಯಲ್ಲಿ ಒಂದು ಡಬ್ಬಿ ತೆಗೆದುಕೊಂಡು, ದಿನಚರಿಯಲ್ಲಿ 'ಮದುವೆಯ ಡೋಲು' ಎಂದು ಬರೆದು ಹೋಗುತ್ತಿದ್ದರು.

"ಅಜ್ಜ, ನಿಮ್ಮನೇಲಿ ಮೂವತ್ತೊಂದು ಮದುವೆ ಆಗಿದೆ," ಎಂದ ಶುಐಬ್. "ಅನುಭವ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದು ಬೇರೆ ಇಲಾಖೆ."

"ನನಗೆ ಮಕ್ಕಳೇ ಇಲ್ಲವಲ್ಲಪ್ಪ."

"ಅದನ್ನ ನಾನು ಕೇಳಿಸ್ಕೊಂಡಿಲ್ಲ ಬಿಡಿ. ತನಿಖೆ ಆಗುತ್ತೆ."

ಬೂತಾಹರ್ ಹೋಗಿ, ಈಗ ನಿವೃತ್ತರಾಗಿರುವ ಅಜ್ದಾನರ ಕಾಲು ಹಿಡಿದ. ಹಿಂದಿನ ತಪ್ಪೆಲ್ಲ ಮಾಫಾಗಿದ್ದರಿಂದ ಸಾಹೇಬರಿಗೂ ಅಂಜಿಕೆಯಿರಲಿಲ್ಲ. ಪುದೀನ ಚಹಾ ಕುಡಿಯುತ್ತ ಸತ್ಯವನ್ನೇ ಬರೆದುಕೊಟ್ಟರು: 'ಸದರಿ ಬೂತಾಹರನ ಮಾಲನ್ನು ಮೂವತ್ತೊಂದು ವರ್ಷ ನಾನೇ ಖುದ್ದಾಗಿ ಪರೀಕ್ಷಿಸಿರುತ್ತೇನೆ. ಮೊದಲು ನಗು, ಬಳಿಕ ಹಸಿವು, ಕಡೆಗೆ ಟೋಪಿ ಎಲ್ಲಿಟ್ಟೆನೆಂಬುದರ ಮರೆವು. ಈ ಕ್ರಮ ಒಮ್ಮೆಯೂ ತಪ್ಪಿರುವುದಿಲ್ಲ.'

ಓದಿದ ಶುಐಬ್ ಎದ್ದು ನಿಂತ. ಇಷ್ಟು ದೀರ್ಘ ಅನುಭವಕ್ಕೆ ಅಧಿಕಾರಿಯೊಬ್ಬರ ಸಹಿಯುಳ್ಳ ಪುರಾವೆ ಆ ಕಚೇರಿಗೆ ಬಂದೇ ಇರಲಿಲ್ಲ. ಸಹಿ ಅಜ್ದಾನರದ್ದು, ಆದ್ದರಿಂದ ಅನುಭವವೂ ಅವರದ್ದೇ. ಮಧ್ಯಾಹ್ನದೊಳಗೆ ಪರವಾನಗಿ ಅವರ ಹೆಸರಿಗಾಯಿತು. ಅವರಿಗೆ ಹೊಲವಿಲ್ಲದ ಕಾರಣ, ಪರವಾನಗಿ ಸಿಗದ ಬೂತಾಹರನ ಹೊಲವನ್ನೇ ಅದರ ಜೊತೆಗೆ ಕೊಡಲಾಯಿತು.

ಬೂತಾಹರನ ಹೆಂಡತಿ ತಮೀಮುಂತ್ ಕಚೇರಿಯ ಬಾಗಿಲಲ್ಲೇ ಕೂತು ಅತ್ತಳು. ಅಳು ಅರ್ಜಿಯ ರೂಪದಲ್ಲಿ ಇಲ್ಲದಿದ್ದರಿಂದ ದಾಖಲಾಗಲಿಲ್ಲ.

ಅಜ್ದಾನರು ಮನುಷ್ಯತ್ವ ಉಳ್ಳವರು. ಬೂತಾಹರನನ್ನು ಅವನದೇ ಹೊಲಕ್ಕೆ ಕಲಿಕೆಯ ಆಳಾಗಿ ಸೇರಿಸಿಕೊಂಡರು. ಹತ್ತು ವರ್ಷ ದುಡಿದರೆ ಅನುಭವ ಪತ್ರ ಕೊಡುವುದಾಗಿ ಠಸ್ಸೆ ಒತ್ತಿ ಬರೆದುಕೊಟ್ಟಿದ್ದಾರೆ. ಮೊನ್ನೆ ಬಿತ್ತನೆಯ ದಿನ ಊರಿನವರೆಲ್ಲ ಹೋಗಿ ಶುಭ ಕೋರಿದೆವು.

ಬೂತಾಹರ್ ಒಂದು ಹಿಡಿ ಬೀಜ ಎರಚಿ ಹಿಂದಿರುಗಿ ನೋಡಿದ. "ಹೀಗೆ ಎರಚಿದ್ರೆ ಸರೀನಾ, ಸಾಹೇಬ್ರೇ?"

ಅಜ್ದಾನರು ಅಂಜೂರದ ನೆರಳಿನಿಂದಲೇ, "ಪರವಾಗಿಲ್ಲ, ಕಲೀತಾ ಇದ್ದೀಯ," ಎಂದರು.

ಮುದುಕನಿಗೆ ಸಮಾಧಾನವಾಯಿತು. ನಮಗೂ.