ಹಾಲ್ವರ್ ಮುಳ್ಳು ಕಿತ್ತ ಕಥೆ

ಹಾಲ್ವರ್ ಒಂದು ನಿರ್ಧಾರ ಮಾಡಿದನೆಂದರೆ ಮುಗಿಯಿತು. ಅದನ್ನು ಬದಲಿಸಲು ಬಿರುಗಾಳಿಗೂ ಆಗದು, ಹೆಂಡತಿ ತೋರ್ಡಿಸ್ ಒಬ್ಬಳನ್ನು ಬಿಟ್ಟು!

ನಾರ್ವೆಯ ಪಶ್ಚಿಮ ಕರಾವಳಿಯ ಆ ಪುಟ್ಟ ದ್ವೀಪದಲ್ಲಿ ಬಹುಕಾಲ ಜನರನ್ನು ಸಮುದ್ರ ದಾಟಿಸುವ ಫೆರ್ರಿ ನಡೆಸಿ ನಿವೃತ್ತನಾದ ಹಾಲ್ವರ್ ಈಗ ಊರ ಪ್ರಾರ್ಥನಾ ಮಂದಿರದ ಹಿರಿಯ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗಿದ್ದವು. ಪಾದ್ರಿಯಮ್ಮ ಸಿಗ್ನೆ ಭಾನುವಾರ ಬೈಬಲಿನ ಬಿತ್ತುವವನ ಸಾಮ್ಯಕಥೆ ಹೇಳಿದ್ದರು. ಒಳ್ಳೆಯ ಬೀಜವೂ ಮುಳ್ಳುಗಿಡಗಳ ನಡುವೆ ಬಿದ್ದರೆ ಬೆಳೆಯದು. ಲೋಕದ ಗೊಡವೆಗಳೇ ಆ ಮುಳ್ಳು, ಎಂದಿದ್ದರು. ಉಳಿದವರೆಲ್ಲ ತಲೆದೂಗಿ ಮನೆಗೆ ಹೋಗಿ ಮೀನು ತಿಂದರು. ಹಾಲ್ವರ್ ಮಾತ್ರ ಯುದ್ಧಕ್ಕೆ ಹೊರಟವನಂತೆ ತೋಳೇರಿಸಿದ.

"ತೋರ್ಡಿಸ್, ಇವತ್ತಿಂದ ಈ ಮನೇಲಿ ಒಂದೇ ಒಂದು ಮುಳ್ಳೂ ಇರಬಾರದು!" ಎಂದು ಸೋಮವಾರ ಬೆಳಿಗ್ಗೆ ಮೇಜು ಗುದ್ದಿದ.

"ಹೇರಿಂಗ್ ತಿನ್ನುವಾಗ ನಾನೂ ಅದನ್ನೇ ಬೇಡ್ಕೊಳ್ಳೋದು" ಎಂದಳು ಹೆಂಡತಿ.

"ಮೀನಿನ ಮುಳ್ಳಲ್ಲ ಕಣೇ! ಆತ್ಮದ ಮುಳ್ಳು!"

ಟಿವಿ ತಳ್ಳುಗಾಡಿ ಏರಿ ಸಮುದ್ರದಂಚಿನ ದೋಣಿಮನೆಗೆ ಹೋಯಿತು. ಅದರ ಹಿಂದೆಯೇ ರೇಡಿಯೊ, ಅವನ ಫೋನು, ಅವಳ ಫೋನು. ಕಡೆಗೆ ಕಾಫಿ ಕೆಟಲ್‌ಗೂ ಕೈ ಹಾಕಿದಾಗ ತೋರ್ಡಿಸ್ ಎದ್ದು ನಿಂತಳು.

"ಅದು ಏನ್ರೀ ಪಾಪ ಮಾಡಿತ್ತು?"

"ಬೆಳಿಗ್ಗೆ ಕಣ್ಣು ಬಿಟ್ಟರೆ ದೇವರಿಗಿಂತ ಮುಂಚೆ ಇದೇ ನೆನಪಾಗುತ್ತೆ!"

"ನಾನು ಯಾವಾಗ ನೆನಪಾಗ್ತೀನಿ?"

"ನೀನು... ನೀನು ಆಮೇಲೆ."

"ಬದುಕಿದೆ! ಆದ್ರೂ ನನ್ನನ್ನೂ ಎತ್ತಿ ಆ ಗಾಡಿಗೆ ಹಾಕೋ ಮುಂಚೆ ನಾನೇ ಹೊರಡ್ತೀನಿ. ಅಕ್ಕನ ಮನೇಲಿ ಕಾಫಿ ಕುಡಿಯೋದು ಪಾಪ ಅಲ್ಲ. ಸಂಜೆ ಫೆರ್ರಿಗೆ ಬರ್ತೀನಿ."

ಕಪ್ಪು ಕೋಟು ತೊಟ್ಟು, ಚೀಲ ಹಿಡಿದು, ಯಾರನ್ನೂ ಮಾತಾಡಿಸದೆ ದುರುದುರು ಅಕ್ಕನೂರಿಗೆ ಹೊರಟೇಬಿಟ್ಟಳು.

ಆಹಾ, ಮೌನ! ಹಾಲ್ವರ್ ಒಲೆಯನ್ನೂ ಹಚ್ಚಲಿಲ್ಲ. ಸೌದೆಯ ಚಟಪಟ ಸದ್ದಿಗೂ ಮನಸ್ಸು ಓಡೀತು! ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಗಡಿಯಾರ ಟಿಕ್ ಎಂದಿತು. ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತುಬಂದ. ಮತ್ತೆ ಕಣ್ಣು ಮುಚ್ಚಿದ; ಕಣ್ಣು ತಾನಾಗಿಯೇ ಕಿಟಕಿಯ ಕಡೆ ತೆರೆದುಕೊಂಡಿತು. ಆಚೆ ಬದಿಯಲ್ಲಿ ನೆರೆಯ ಲುದ್ವಿಕ್ ತನ್ನ ದೋಣಿಗೆ ಬಣ್ಣ ಬಳಿಯುತ್ತಿದ್ದ. ಹಸಿರು ಬಣ್ಣ! ದೋಣಿಗೆ ಯಾರಾದರೂ ಹಸಿರು ಬಳಿಯುತ್ತಾರೆಯೇ?

ಇದನ್ನು ಕೇಳುವ ಹಾಗಿರಲಿಲ್ಲ. ಇಬ್ಬರೂ ಮಾತು ಬಿಟ್ಟು ಎರಡು ವರ್ಷ. ಲುದ್ವಿಕ್ ಪ್ರಾರ್ಥನಾ ಮಂದಿರದ ಆರ್ಗನ್ ವಾದಕ. ತುಂಬಾ ಬೇಗ ಬಾರಿಸುತ್ತಾನೆ ಎಂದು ಹಾಲ್ವರ್ ಸಭೆಯ ನಡುವೆಯೇ ಗದರಿದ್ದ. ಲುದ್ವಿಕ್ ಅಲ್ಲೇ ಆರ್ಗನ್ನಿನ ಮುಚ್ಚಳ ಮುಚ್ಚಿ ಎದ್ದು ಹೋದವನು ಮತ್ತೆ ಬಂದಿರಲಿಲ್ಲ. ವಾದ್ಯ ಹೋದ ಮೇಲೆ ಹಾಡು ಸೊರಗಿತು, ಹಾಡು ಸೊರಗಿದ ಮೇಲೆ ಜನರೂ ಸೊರಗಿದರು. ಈಗ ಬೆಂಚುಗಳೇ ಭಕ್ತರು.

"ಇದೂ ಮುಳ್ಳೇ!" ಎಂದು ಹಾಲ್ವರ್ ಮನೆಯ ಪರದೆಗಳನ್ನೆಲ್ಲ ಎಳೆದ. ಒಳಗೆ ಕತ್ತಲಾಯಿತು. ಆಗ ಅಂಗಳದ ಬಾವುಟದ ಕಂಬಕ್ಕೆ ಹಗ್ಗ ಬಡಿಯುವ ಸದ್ದು ಕೇಳಿತು, ಟಪ್ ಟಪ್ ಟಪ್! ಸಿಟ್ಟಿನಿಂದ ಹೋಗಿ ಬಾವುಟ ಇಳಿಸತೊಡಗಿದ; ಲುದ್ವಿಕ್ ಆಗಲೇ ಊಟಕ್ಕೆ ಒಳಗೆ ಹೋಗಿದ್ದ. ಅದು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಎಳೆದ, ಬೇಡಿಕೊಂಡ, ಕಡೆಗೆ ಹಗ್ಗವನ್ನು ಬಿಗಿಯಾಗಿ ಕಟ್ಟಿ, "ಅಲ್ಲೇ ಬಿದ್ದಿರು!" ಎಂದು ಬೈದು ಒಳಗೆ ಬಂದ. ಸದ್ದು ನಿಂತಿತು. ಜಯ! ಏಣಿ ಹತ್ತಿ ಅಟ್ಟ ಸೇರಿ, ಕಂಬಳಿ ಹೊದ್ದು ಮೊಣಕಾಲೂರಿದ.

"ಸ್ವಾಮೀ, ಈ ಊರಲ್ಲಿ ನಿನಗೋಸ್ಕರ ಇಷ್ಟೆಲ್ಲಾ ಬಿಟ್ಟವನು ಇನ್ನೊಬ್ಬ ಇದ್ದರೆ ತೋರಿಸು!" ಎಂದು ಆರಂಭಿಸಿದ. ಆಮೇಲೆ ಜಪ ಹೋಗಿ ಜೊಂಪು ಬಂತು.

ಎಚ್ಚರವಾದಾಗ ಕೆಳಗೆ ಮಾತು ಕೇಳಿಸುತ್ತಿತ್ತು. ಬಾಗಿಲಿಗೆ ಬೀಗ ಹಾಕುವ ರೂಢಿ ಆ ದ್ವೀಪದಲ್ಲಿಲ್ಲ.

"ಪರದೆ ಎಲ್ಲಾ ಎಳೆದಿತ್ತು, ಪಾದ್ರಿಯಮ್ಮ. ಹೊಗೆಗೂಡಲ್ಲಿ ಹೊಗೆ ಇಲ್ಲ. ಕಣ್ಣೆತ್ತಿ ನೋಡ್ತೀನಿ, ಬಾವುಟ ಅರ್ಧಕ್ಕೆ ಇಳಿದಿದೆ, ಸಾವಿನ ಮನೇಲಿ ಇಳಿಸೋ ಹಾಗೆ!" ಅದು ಲುದ್ವಿಕ್‌ನ ದನಿ.

"ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ" ಎಂದರು ಪಾದ್ರಿ ಸಿಗ್ನೆ.

"ತೋರ್ಡಿಸಮ್ಮ ಕಪ್ಪು ಕೋಟು ಹಾಕ್ಕೊಂಡು ಬೆಳಿಗ್ಗೆ ಫೆರ್ರಿ ಹತ್ತಿದ್ರಂತೆ. ರಾತ್ರಿನೇ ಆಸ್ಪತ್ರೆಗೆ ಸಾಗಿಸಿರಬೇಕು. ಅಲ್ಲೇ ಹೋಗಿಬಿಟ್ಟಿದ್ದಾರೆ, ಪಾಪ!" ಎಂದಿತು ಒಂದು ಹೆಣ್ಣುದನಿ.

ಹಾಲ್ವರ್‌ಗೆ ಅರ್ಥವಾಯಿತು. ಸತ್ತವನು ತಾನೇ! ಕೆಳಗೆ ತಟ್ಟೆಗಳ ಸದ್ದು, ಬಾಗಿಲ ಸದ್ದು. ಸಾವಿನ ಮನೆಗೆ ಬರಿಗೈಲಿ ಹೋಗಬಾರದೆಂದು ಊರಿಗೆ ಊರೇ ಕೇಕು ಹಿಡಿದು ಬರುತ್ತಿತ್ತು. ತಕ್ಷಣ ಇಳಿಯಬೇಕಿತ್ತು, ನಿಜ. ಏಣಿಗೆ ಕಾಲಿಡುವಷ್ಟರಲ್ಲಿ ಯಾರೋ, "ಎಂಥಾ ಮನುಷ್ಯ ಅಂತೀರಿ!" ಎಂದರು.

ಕಾಲು ಹಿಂದಕ್ಕೆ ಬಂತು. ಕಿವಿ ನೆಲಕ್ಕೆ ಅಂಟಿತು.

"ಎಂಥಾ ಬಿರುಗಾಳೀಲೂ ಒಬ್ಬರ ಕೂದಲೂ ಕೊಂಕದ ಹಾಗೆ ದಾಟಿಸಿದವರು!"

"ನನ್ನ ಹೆರಿಗೆ ನೋವಿಗೆ ಅಂತ ಹಬ್ಬದ ದಿನ ಫೆರ್ರಿ ಬಿಟ್ಟರು!"

ಅಬ್ಬಾ! ಟಿವಿ, ರೇಡಿಯೊ, ಫೋನು ಮೂರೂ ಸೇರಿ ಇಷ್ಟು ರುಚಿ ಕೊಟ್ಟಿರಲಿಲ್ಲ. ಹಾಲ್ವರ್ ಕಂಬಳಿಯನ್ನು ಬಾಯಿಗೆ ತುರುಕಿಕೊಂಡು ಹಿಗ್ಗಿದ. ಇನ್ನೊಂದು ಕೇಳೋಣ, ಇನ್ನೊಂದೇ ಒಂದು!

ಆಗ ಲುದ್ವಿಕ್ ಅಳತೊಡಗಿದ.

"ಎರಡು ವರ್ಷ, ಪಾದ್ರಿಯಮ್ಮ. ಬೇಲಿ ಆಚೆ ನಿಂತಿರ್ತಿದ್ದ. ಒಂದು ದಿನಾನೂ ಶುಭೋದಯ ಅನ್ನಲಿಲ್ಲ ನಾನು. ಇವತ್ತು ಅನ್ನೋಣ, ನಾಳೆ ಅನ್ನೋಣ ಅಂತಿದ್ದೆ. ಈಗ ಯಾರಿಗೆ ಅನ್ನಲಿ?"

ಅಟ್ಟದ ಮೇಲೆ ಹಾಲ್ವರ್‌ನ ಹಿಗ್ಗು ಅಲ್ಲೇ ಇಳಿಯಿತು. ಬೇಲಿಯ ಈಚೆ ನಿಂತು ಅವನೂ ಅದನ್ನೇ ಅಂದುಕೊಂಡಿದ್ದ, ಎಷ್ಟೋ ಬೆಳಿಗ್ಗೆ. ಕಣ್ಣು ತುಂಬಿ ಬಂತು. ಏಳಬೇಕು ಎನ್ನುವಷ್ಟರಲ್ಲಿ ಲುದ್ವಿಕ್ ಮೂಗು ಸೀಟಿ ಮುಂದುವರಿಸಿದ: "ಮನಸ್ಸು ಅಪ್ಪಟ ಚಿನ್ನ. ಕಂಠ ಮಾತ್ರ ಮಂಜು ಕವಿದಾಗ ಹಡಗು ಕೂಗುತ್ತಲ್ಲ, ಅದೇ!"

"ಸುಳ್ಳು!" ಎಂದು ಮೇಲಿಂದ ಗುಡುಗು ಕೇಳಿತು. "ನೀನು ಆರ್ಗನ್ ಬಾರಿಸ್ತಿರಲಿಲ್ಲ ಕಣೋ, ಓಡಿಸ್ತಿದ್ದೆ!"

ಕೆಳಗೆ ಕಿರುಚಾಟ! "ಅಯ್ಯೋ, ಸತ್ತ ಮೇಲೂ ಜಗಳ ಬಿಟ್ಟಿಲ್ಲ!" ಎಂದು ಒಬ್ಬಾಕೆ ಪಾದ್ರಿಯ ಬೆನ್ನ ಹಿಂದೆ ಅಡಗಿದಳು. ಕಂಬಳಿ ಹೊದ್ದ ಪ್ರೇತ ಏಣಿ ಇಳಿಯಿತು. ಮೇಜಿನಲ್ಲಿ ಜಾಗ ಸಾಲದೆ ಏಣಿಯ ಬುಡದಲ್ಲಿಟ್ಟಿದ್ದ ಕೆನೆಕೇಕಿನೊಳಗೆ ಅದರ ಎರಡೂ ಬೂಟುಗಳು ಮುಳುಗಿದವು.

"ಬದುಕಿದ್ದೀಯೇನೋ, ಕತ್ತೆ!" ಲುದ್ವಿಕ್ ಓಡಿಬಂದು ತಬ್ಬಿಕೊಂಡ.

"ಬದುಕಿದ್ದೀನೋ, ಕೋತಿ. ನಿಧಾನವಾಗಿ ಬಾರಿಸ್ತೀಯಾ?"

"ನೀನು ಮೆಲ್ಲಗೆ ಹಾಡಿದ್ರೆ."

"ತಪ್ಪು ನನ್ನದು, ಲುದ್ವಿಕ್. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆಯೇ ಕೇಳ್ಕೋತೀನಿ. ಕ್ಷಮಿಸು."

ಲುದ್ವಿಕ್ ಮೂಲೆಯಲ್ಲಿದ್ದ ತೋರ್ಡಿಸ್‌ಳ ಪುಟ್ಟ ಹಾರ್ಮೋನಿಯಂ ಮುಂದೆ ಕೂತು ಅಂಗಿತೋಳಲ್ಲಿ ಕಣ್ಣೊರೆಸಿಕೊಂಡ. ಪಾದ್ರಿ ಸಿಗ್ನೆ ಕೋಣೆಯನ್ನು ದಿಟ್ಟಿಸಿ ನೋಡಿದರು. ಕುರ್ಚಿಯಲ್ಲಿ, ಏಣಿಯ ಮೆಟ್ಟಿಲಲ್ಲಿ, ಕಿಟಕಿಕಟ್ಟೆಯಲ್ಲಿ ಜನ, ಜನ! ಎರಡು ವರ್ಷದಿಂದ ಪ್ರಾರ್ಥನಾ ಮಂದಿರ ಕಾಣದ ಜನ!

"ಯಾರೂ ಅಲ್ಲಾಡಬೇಡಿ. ಈಗಲೇ ಹಾಡೋಣ!" ಎಂದರು.

ಹಾಡು ಎದ್ದಿತು. ಮಾಡು ಹಾರುವಂತೆ ಎದ್ದಿತು! ಹಾಲ್ವರ್ ಎದೆಯುಬ್ಬಿಸಿ ಬಾಯಿ ತೆರೆಯುವ ಹೊತ್ತಿಗೆ ಬಾಗಿಲು ದಢಾರನೆ ತೆರೆಯಿತು. ತೋರ್ಡಿಸ್! ಫೆರ್ರಿಯಲ್ಲಿ ನಾವಿಕರು ಟೋಪಿ ತೆಗೆದು ಸಂತಾಪ ಹೇಳಿದ್ದರು. ಬಂದರಿನಿಂದ ಗುಡ್ಡದ ಮೇಲಿನ ಮನೆಯವರೆಗೂ ಓಡಿಬಂದವಳ ಮುಖ ಬಿಳುಚಿತ್ತು.

"ರೀ... ಇದ್ದೀರಾ?"

"ಇದ್ದೀನಿ ಕಣೇ!"

ಅವಳು ಹತ್ತಿರ ಬಂದು ಅವನ ಕೆನ್ನೆ ಮುಟ್ಟಿ ನೋಡಿದಳು, ಎರಡೂ ಕೆನ್ನೆ. ಆಮೇಲೆ ಅವಳ ದೃಷ್ಟಿ ಬೂಟಿನ ಕಡೆಗೆ, ಬೂಟಿನಿಂದ ನೆಲದ ಕಡೆಗೆ ಇಳಿಯಿತು.

"ಇದ್ದೀರಲ್ಲ, ಹಾಗಾದ್ರೆ ಒರೆಸಿ!"

ಊರ ಹಿರಿಯ ಒದ್ದೆ ಬಟ್ಟೆ ಹಿಡಿದು ಮೊಣಕಾಲೂರಿದ. ಸುತ್ತ ಊರೆಲ್ಲ ಹಾಡುತ್ತಿತ್ತು, ಲುದ್ವಿಕ್ ಅವನಿಗಾಗಿಯೇ ತಾಳ ನಿಧಾನಿಸಿದ್ದ. ಹಾಲ್ವರ್ ಮೆಲುದನಿಯಲ್ಲಿ ಸೇರಿಕೊಂಡ. ಎಂಥ ಆನಂದ! ಕಣ್ಣು ಮುಚ್ಚಿತು, ಮನಸ್ಸು ತುಂಬಿತು, ಸ್ವರ್ಗ ಇನ್ನೇನು ಒಂದು ಗೇಣು ದೂರದಲ್ಲಿತ್ತು...

"ರೀ," ಎಂದಳು ತೋರ್ಡಿಸ್ ಹಾಡಿನ ನಡುವೆಯೇ, "ಮೂಲೇಲಿ ಕೆನೆ ಬಿಟ್ಟಿದ್ದೀರಿ!"